ಒನ್ಸ್‌ಮೋರ್ ಕೂಗಿದ ಮೇಲೆ

1963ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ 'ಲೂಯಿ ಲೂಯಿ' ಹಾಡನ್ನು ರೆಕಾರ್ಡ್ ಮಾಡಿತು. ಮೈಕನ್ನು ಎತ್ತರದಲ್ಲಿ ತೂಗುಬಿಟ್ಟಿದ್ದರಿಂದ ಹಾಡುಗಾರ ಕತ್ತೆತ್ತಿ ಕಿರುಚಬೇಕಾಯಿತು. ನಡುವೆ ಗಿಟಾರ್ ಮುಗಿದ ಮೇಲೆ ಅವನು ಅವಸರಪಟ್ಟು ಮುಂಚೆಯೇ ಬಾಯಿ ತೆರೆದ, ತಪ್ಪು ತಿಳಿದು ಗಪ್ಪನೆ ನಿಲ್ಲಿಸಿದ. ಡ್ರಮ್ ಬಾರಿಸುತ್ತಿದ್ದವನು ಪೆಟ್ಟು ಹೆಚ್ಚಿಗೆ ಹಾಕಿ ಆ ಜಾಗ ಮುಚ್ಚಿದ. ತಪ್ಪು ಹಾಗೇ ಪ್ಲೇಟಿಗೆ ಹೋಯಿತು. ಸಾಹಿತ್ಯ ಯಾರಿಗೂ ಸರಿಯಾಗಿ ಕೇಳಿಸದ ಕಾರಣ ಅಶ್ಲೀಲವೇ ಇರಬೇಕೆಂಬ ದೂರು ಹೋಗಿ, ಎಫ್‌ಬಿಐ ತನಿಖೆ ನಡೆಸಿ ಬರಿಗೈಲಿ ವಾಪಸಾಯಿತು. ಈ ಒಂದೇ ಹಾಡಿನ ಚರಿತ್ರೆಯನ್ನು ಡೇವ್ ಮಾರ್ಷ್ 1993ರಲ್ಲಿ ಪುಸ್ತಕವಾಗಿಯೇ ಬರೆದರು.

ಗ್ಯಾರೇಜ್ ರಾಕ್ ಎಂದು ಈಗ ಕರೆಯುವ ಸಂಗೀತದ ಹಣೆಬರಹವೇ ಇಂಥದ್ದು. ಮನೆಯ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಅಭ್ಯಾಸ, ಮೂರು ಸ್ವರಮೇಳದಲ್ಲಿ ಇಡೀ ಹಾಡು, ಒಂದೆರಡು ಪ್ಲೇಟು, ಆಮೇಲೆ ಹುಡುಗರು ಕೆಲಸಕ್ಕೋ ಸೈನ್ಯಕ್ಕೋ ಹೋದರೆ ತಂಡ ಮುಗಿಯಿತು. ಅದನ್ನು ಉಳಿಸಿದವರು ಅಭಿಮಾನಿಗಳು. ಲೆನ್ನಿ ಕೇ 1972ರಲ್ಲಿ 'ನಗೆಟ್ಸ್' ಎಂಬ ಜೋಡಿ ಎಲ್‌ಪಿಯಲ್ಲಿ 1965ರಿಂದ 68ರವರೆಗಿನ 27 ಹಾಡುಗಳನ್ನು ಒಟ್ಟಿಗೆ ಸೇರಿಸಿ, ತಂಡಗಳ ಬಗ್ಗೆ ಟಿಪ್ಪಣಿ ಬರೆದರು. ಅದರ ಬೆನ್ನಿಗೆ 'ಪೆಬಲ್ಸ್', 'ಬ್ಯಾಕ್ ಫ್ರಮ್ ದ ಗ್ರೇವ್' ಮಾಲೆಗಳು ಬಂದವು. 2002ರಿಂದ ಸ್ಟೀವನ್ ವ್ಯಾನ್ ಝಾಂಟ್ ಇದೇ ಸಂಗೀತಕ್ಕೆಂದು ವಾರವಾರ ರೇಡಿಯೊ ಕಾರ್ಯಕ್ರಮ ನಡೆಸಿಕೊಂಡು ಬಂದರು. ವಿಶ್ವವಿದ್ಯಾಲಯಗಳು ಕಣ್ಣೆತ್ತಿ ನೋಡುವ ಮೊದಲೇ ಅಭಿಮಾನಿಗಳು ಯಾರು, ಎಲ್ಲಿ, ಯಾವ ವರ್ಷ ಎಂಬ ಲೆಕ್ಕವನ್ನು ಬರೆದಿಟ್ಟಿದ್ದರು.

ಇದು ನಮಗೆ ಪೂರ್ತಿ ಪರಕೀಯವೇನಲ್ಲ. ಅರವತ್ತರ ದಶಕದ ಬೆಂಗಳೂರಿನಲ್ಲಿ ರೇಡಿಯೊ ಸಿಲೋನ್ ಕೇಳಿಕೊಂಡೇ ಗಿಟಾರ್ ಕಲಿತ ಹುಡುಗರಿದ್ದರು. ಕೊಡಗು ಮೂಲದ ಬಿದ್ದು ಅಪ್ಪಯ್ಯ ಇಲ್ಲಿ ಟ್ರೋಜನ್ಸ್ ತಂಡ ಕಟ್ಟಿ, ಆಮೇಲೆ ಇಂಗ್ಲೆಂಡಿಗೆ ಹೋಗಿ 1974ರ 'ಕುಂಗ್ ಫು ಫೈಟಿಂಗ್' ನಿರ್ಮಿಸಿ ಜಗತ್ತಿಗೆಲ್ಲ ಹೆಸರಾದರು. ಸಿಗರೇಟು ಕಂಪನಿಯೊಂದು ನಡೆಸಿದ ಸಿಮ್ಲಾ ಬೀಟ್ ಸ್ಪರ್ಧೆಯ 1970 ಮತ್ತು 71ರ ಎಲ್‌ಪಿಗಳಲ್ಲಿ ದೇಶದ ನಾನಾ ಊರಿನ ತಂಡಗಳಿವೆ. ಬೆಂಗಳೂರಿನ ಡೈನೋಸಾರ್ಸ್ ಕೂಡ ಇದೆ. ಆ ಪ್ಲೇಟುಗಳನ್ನು ಬೆಲೆ ಕಟ್ಟಿ ಹುಡುಕಿದವರು, ಮರುಮುದ್ರಿಸಿದವರು ಹೊರದೇಶದವರು. ನಮ್ಮ ಕಡೆಯಿಂದ ಆ ಪೀಳಿಗೆಯ ಕಥೆಯನ್ನು ಸಿದ್ಧಾರ್ಥ ಭಾಟಿಯಾ 'ಇಂಡಿಯಾ ಸೈಕಡೆಲಿಕ್' ಎಂಬ ಪುಸ್ತಕದಲ್ಲಿ ಹೇಳುವ ಹೊತ್ತಿಗೆ 2014 ಬಂದಿತ್ತು.

ಆದರೆ ಗ್ಯಾರೇಜ್ ಸಂಗೀತದ ನಿಜವಾದ ಕನ್ನಡ ಜೋಡಿಯನ್ನು ಹುಡುಕಲು ಬೆಂಗಳೂರಿಗೆ ಹೋಗಬೇಕಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕಿನ ಯಾವುದೇ ಊರಿನ ಗುಡಿ ಮುಂದೆ ಸುಗ್ಗಿ ಕಳೆದ ಮೇಲೆ ಒಂದು ರಾತ್ರಿ ಕೂತರೆ ಸಾಕು. 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ' ಎಂದು ಕರಪತ್ರ ಹೊಡೆಸಿ ಊರಿನವರೇ ಆಡುವ ಪೌರಾಣಿಕ ನಾಟಕ ಅದು. ಶೇಂಗಾ ಬೆಳೆಯುವವನು ದುರ್ಯೋಧನ, ಬಸ್ ಕಂಡಕ್ಟರ್ ಕರ್ಣ, ಪ್ರೈಮರಿ ಶಾಲೆ ಮೇಷ್ಟ್ರು ಶಕುನಿ. ಇವರಿಗೆ ಯಾರೂ ಸಂಬಳ ಕೊಡುವುದಿಲ್ಲ; ಪಾತ್ರಕ್ಕೆ ಇಂತಿಷ್ಟು ಎಂದು ಅವರೇ ದುಡ್ಡು ಹಾಕುತ್ತಾರೆ. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು, ಹೊಲದ ಕೆಲಸ ಮುಗಿಸಿ ಬಂದವರಿಗೆ ರಾತ್ರಿ ಹೊತ್ತು ಹಾರ್ಮೋನಿಯಂ ಇಟ್ಟುಕೊಂಡು ಹಾಡು ಕಲಿಸುತ್ತಾರೆ. ಸಂಗೀತ ಓದಿಕೊಂಡವರಲ್ಲ, ಹಾಡದೆ ಇರಲಾರದವರು.

ಈ ನಾಟಕದ ಬೇರು ಜಿಲ್ಲೆಯ ಗುಬ್ಬಿಯಲ್ಲೇ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಬಿ. ಪುಟ್ಟಸ್ವಾಮಯ್ಯ ಬರೆದ 'ಕುರುಕ್ಷೇತ್ರ'ದಲ್ಲಿ ಗುಬ್ಬಿ ವೀರಣ್ಣ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಆನೆಗಳು ಹೋದವು, ಮಟ್ಟುಗಳು ಉಳಿದವು. ಕಂಪನಿ ನಾಟಕದ ಕಂದ, ವೃತ್ತ, ಹಾಡುಗಳು ಗ್ರಾಮಫೋನು ಪ್ಲೇಟಿನಿಂದ, ಮೇಷ್ಟರ ಬಾಯಿಂದ ಹಳ್ಳಿಗೆ ಇಳಿದವು. ಪಾವಗಡವನ್ನು ಆಂಧ್ರ ಸುತ್ತಿಕೊಂಡಿದೆ; ಅಲ್ಲಿ ತಿರುಪತಿ ವೆಂಕಟ ಕವುಲು ಬರೆದ ಪಾಂಡವೋದ್ಯೋಗದ ತೆಲುಗು ಪದ್ಯಗಳನ್ನೂ ಕನ್ನಡದ ಕಂದಗಳನ್ನೂ ಒಂದೇ ಉಸಿರಿನಲ್ಲಿ ಹೇಳುವ ಹಿರಿಯರಿದ್ದಾರೆ.

ದುರ್ಯೋಧನನ ಪ್ರವೇಶವನ್ನು ಹತ್ತಿರದಿಂದ ನೋಡಿ. ಪರದೆ ಎದ್ದಾಗ ಗದೆ ಹೆಗಲ ಮೇಲಿದೆ. ಮೇಷ್ಟ್ರು ಶ್ರುತಿ ಹಿಡಿದಿದ್ದಾರೆ. ನಟ ಮೊದಲ ಸಾಲನ್ನು ಮೈಕಿಗೆ ಬಾಯಿ ತಾಗಿಸಿ ಎತ್ತುತ್ತಾನೆ. ಉತ್ಸಾಹದಲ್ಲಿ ಅರ್ಧ ಸ್ವರ ಮೇಲೆ ಹೋಗಿಬಿಡುತ್ತದೆ. ಮೇಷ್ಟ್ರು ಮುಖ ಗಂಟಿಕ್ಕುವುದಿಲ್ಲ. ಬೆರಳು ಪಕ್ಕದ ಮನೆಗೆ ಸರಿಯುತ್ತದೆ, ತಬಲ ಒಂದು ಸುತ್ತು ಹೆಚ್ಚಿಗೆ ನುಡಿಯುತ್ತದೆ, ಕೊನೆಯ ಅಕ್ಷರದ ಆಲಾಪನೆ ಮುಗಿಯುವಷ್ಟರಲ್ಲಿ ಎಲ್ಲರೂ ಒಂದೇ ಶ್ರುತಿಯಲ್ಲಿರುತ್ತಾರೆ. ಜನ ಒನ್ಸ್‌ಮೋರ್ ಕೂಗುತ್ತಾರೆ. ಮಾವನವರು ನೋಟಿನ ಹಾರ ಹಾಕಿ ಇಳಿಯುವವರೆಗೆ ಕುರುಕ್ಷೇತ್ರ ಯುದ್ಧ ಕಾಯುತ್ತದೆ. ಪೋರ್ಟ್‌ಲ್ಯಾಂಡಿನ ಡ್ರಮ್ಮರ್ ಮಾಡಿದ್ದನ್ನೇ ನಮ್ಮ ಹಾರ್ಮೋನಿಯಂ ಮೇಷ್ಟ್ರು ರಾತ್ರಿಯಿಡೀ ಮಾಡುತ್ತಾರೆ. ಈ ಕಲೆಯ ಹೆಚ್ಚುಗಾರಿಕೆ ಇಲ್ಲಿದೆ: ಹಾಡುವವನ ದೌರ್ಬಲ್ಯವನ್ನು ಜೊತೆಗಾರರು ಅಲ್ಲೇ ಆಗಿಂದಾಗ್ಗೆ ಸಂಗೀತವಾಗಿಸುತ್ತಾರೆ.

ಹಾಗೆಂದು ಒರಟಾದದ್ದೆಲ್ಲ ಒಳ್ಳೆಯದೆಂದು ಒಪ್ಪಬೇಕಿಲ್ಲ. ಗ್ಯಾರೇಜ್ ಸಂಗ್ರಾಹಕರು ಮಾಡಿದ ದೊಡ್ಡ ತಪ್ಪು ಇದೇ. ಪ್ಲೇಟು ಎಷ್ಟು ಅಪರೂಪವೋ ಅಷ್ಟು ಶ್ರೇಷ್ಠ, ರೆಕಾರ್ಡಿಂಗ್ ಎಷ್ಟು ಕೆಟ್ಟದ್ದೋ ಅಷ್ಟು ಅಸಲಿ ಎಂಬ ಮೂಢನಂಬಿಕೆ ಅವರಲ್ಲಿ ಬೆಳೆಯಿತು. ಬೆಲೆ ಏರಿತು, ಕಿವಿ ಮಂದವಾಯಿತು. ನಮ್ಮ ನಾಟಕದ ಅಭಿಮಾನಿಗಳಿಗೆ ಬೇರೆ ರೋಗ. ಅವರು ಕೇಳುವುದು ಗಂಟಲಿನ ತಾಕತ್ತನ್ನು. ಕಂದ ಎಷ್ಟು ಹೊತ್ತು ಎಳೆದ, ಎಷ್ಟು ಎತ್ತರಕ್ಕೆ ಹೋದ ಎಂಬುದರ ಮೇಲೆ ಒನ್ಸ್‌ಮೋರ್ ತೀರ್ಮಾನವಾಗುತ್ತದೆ. ಕರ್ಣ, ಕುಂತಿಯರ ದೃಶ್ಯದಲ್ಲಿ ಮೆಲ್ಲಗೆ ಹಾಡಿ ಮಾತನ್ನು ಮನಸ್ಸಿಗೆ ಮುಟ್ಟಿಸುವವನಿಗೆ ಚಪ್ಪಾಳೆ ಕಡಿಮೆ. ಇಮ್ಮಡಿ ಎಕೋ ಹಾಕುವ ಸೌಂಡಿನವನೂ ಕೀಬೋರ್ಡಿನಲ್ಲಿ ಸಿನಿಮಾ ಹಿನ್ನೆಲೆ ತುರುಕುವವನೂ ಈ ರುಚಿಗೆ ತುಪ್ಪ ಸುರಿಯುತ್ತಿದ್ದಾರೆ.

ರೆಕಾರ್ಡಿಂಗ್ ಈ ಕಲೆಗೆ ಉಪಕಾರವನ್ನೂ ಮಾಡಿದೆ, ಹಾನಿಯನ್ನೂ ಮಾಡಿದೆ. ನಿಮಿಷಕ್ಕೆ 78 ಸುತ್ತಿನ ಪ್ಲೇಟಿನ ಒಂದು ಮುಖಕ್ಕೆ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷ. ರಂಗದಲ್ಲಿ ಹತ್ತು ನಿಮಿಷ ಹರಡಿಕೊಳ್ಳುತ್ತಿದ್ದ ಹಾಡನ್ನು ಅಷ್ಟಕ್ಕೆ ಕತ್ತರಿಸಿದರು. ಆ ಕತ್ತರಿಸಿದ ರೂಪವೇ ಕಲಿಯುವವರಿಗೆ ಪಾಠವಾಯಿತು. ಕ್ಯಾಸೆಟ್ಟು ಬಂದ ಮೇಲೆ ಸ್ಟುಡಿಯೊದಲ್ಲಿ ಪಳಗಿದ ಗಾಯಕರು ಹಾಡಿದ ದುರ್ಯೋಧನನೇ ಊರೂರಿಗೆ ಮಾದರಿ. ಮೇಷ್ಟರಿಂದ ಮೇಷ್ಟರಿಗೆ ಬದಲಾಗುತ್ತಿದ್ದ ಮಟ್ಟುಗಳು ಸವೆದು ಒಂದೇ ಅಚ್ಚಿಗೆ ಬಂದವು. ಕ್ಯಾಸೆಟ್ಟು ಕೇಳಿ ಕಲಿತ ಕಂದದಲ್ಲಿ ತಪ್ಪು ಕಡಿಮೆ, ಊರಿನ ಗುರುತೂ ಕಡಿಮೆ.

ಈಗ ಪ್ರತಿ ನಾಟಕವೂ ಮೊಬೈಲಿಗೆ ಸೇರುತ್ತಿದೆ, ಯೂಟ್ಯೂಬಿಗೆ ಏರುತ್ತಿದೆ. ಉಳಿಸಿಕೊಂಡೆವು ಎಂಬ ಭ್ರಮೆ ಹುಟ್ಟುವುದು ಇಲ್ಲೇ. ವಿಡಿಯೊ ತೆರೆದರೆ 'ಸೂಪರ್ ದುರ್ಯೋಧನ' ಎಂದಿರುತ್ತದೆ; ಊರು ಯಾವುದು, ಮೇಷ್ಟ್ರು ಯಾರು, ತಬಲ ಯಾರದು, ಯಾವ ವರ್ಷ, ಏನೂ ಇರುವುದಿಲ್ಲ. ಫೋನು ಸದಾ ಪಾತ್ರಧಾರಿಯ ಮುಖದ ಮೇಲೆ. ಹಾರ್ಮೋನಿಯಂ ಮೇಲಿನ ಬೆರಳು ಚಿತ್ರದಲ್ಲೇ ಬರುವುದಿಲ್ಲ. ಬಂಧುಗಳ ದೃಶ್ಯ ಮುಗಿದೊಡನೆ ರೆಕಾರ್ಡಿಂಗೂ ಮುಗಿಯುತ್ತದೆ. ಲೆನ್ನಿ ಕೇ ಮಾಡಿದ ಕೆಲಸದಲ್ಲಿ ಹಾಡು ಸೇರಿಸುವುದು ಅರ್ಧ, ಹೆಸರು ಬರೆಯುವುದು ಇನ್ನರ್ಧ. ನಮ್ಮಲ್ಲಿ ಮೊದಲರ್ಧ ಬೇಕಾದ್ದಕ್ಕಿಂತ ಹೆಚ್ಚು ನಡೆದಿದೆ, ಎರಡನೆಯದು ಶುರುವೇ ಆಗಿಲ್ಲ.

ಈ ಮರೆವಿಗೆ ಮೊದಲು ಬಲಿಯಾಗುವವರು ನಟಿಯರು. ದ್ರೌಪದಿ, ಕುಂತಿ, ಉತ್ತರೆ ಪಾತ್ರಗಳಿಗೆ ಬೇರೆ ಊರಿನಿಂದ ಬರುವ ವೃತ್ತಿ ಕಲಾವಿದೆಯರು ವಾರದಲ್ಲಿ ಹಲವು ರಾತ್ರಿ ಬೇರೆ ಬೇರೆ ಊರಿನ ಪಾಂಡವರ ಜೊತೆ ಆಡುತ್ತಾರೆ. ತಾಲೀಮಿಲ್ಲದೆ ಬಂದು, ಎಡವಿದ ಅರ್ಜುನನಿಗೆ ಮಾತು ಎತ್ತಿಕೊಟ್ಟು ದೃಶ್ಯ ದಾಟಿಸುವವರು ಅವರೇ. ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮನವರ ಹೆಸರು ಕಂಪನಿ ಕಾಲದಿಂದ ಉಳಿದುಬಂದಿದೆ. ಹಳ್ಳಿ ರಂಗವನ್ನು ಹೊತ್ತ ಇವರಿಗೆ ಬಹಳ ಸಲ ಕರಪತ್ರದ ಕೆಳತುದಿಯಲ್ಲೊಂದು ಸಾಲು, ವಿಡಿಯೊದಲ್ಲಿ ಅದೂ ಇಲ್ಲ. ಗ್ಯಾರೇಜ್ ಸಂಕಲನಗಳೂ ಹುಡುಗರ ಲೋಕವಾಗಿಯೇ ಬಹುಕಾಲ ಉಳಿದವು ಎಂಬುದು ಸಮಾಧಾನದ ಮಾತಾಗಬಾರದು.

ಸಂಗ್ರಹ ಸರಿಯಾಗಿ ನಡೆದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 1902ರಲ್ಲಿ ಕಲ್ಕತ್ತದಲ್ಲಿ ಪ್ಲೇಟಿಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡಾಗ ಆಕೆಯನ್ನು ಕೇಳುವವರಿರಲಿಲ್ಲ. ವಿಕ್ರಂ ಸಂಪತ್ 2010ರಲ್ಲಿ ಆಕೆಯ ಜೀವನಚರಿತ್ರೆ ಬರೆದರು. ಆ ಹುಡುಕಾಟ ಬೆಳೆದು ಹಳೆಯ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತರುವ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಬೆಂಗಳೂರಿನಲ್ಲಿ ಹುಟ್ಟಿತು. ಆದರೆ ಅದು ಪ್ಲೇಟಿಗೆ ಹತ್ತಿದವರ ಲೋಕ. ಕೊರಟಗೆರೆ ತಾಲ್ಲೂಕಿನ ಹಳ್ಳಿಯಲ್ಲಿ ಒಂದೇ ರಾತ್ರಿ ಕರ್ಣನಾಗಿ ಹಾಡಿದವನನ್ನು ಯಾವ ಕಂಪನಿಯೂ ರೆಕಾರ್ಡ್ ಮಾಡಿಲ್ಲ. ಅವನ ಪಾಲಿಗೆ ಅಭಿಮಾನಿಯೇ ಕಂಪನಿ.

ಆದ್ದರಿಂದ ನನ್ನ ತೀರ್ಪು ಇಷ್ಟು. ಕೇಳುವ ಹಸಿವಿನಲ್ಲಿ, ದುಡ್ಡು ಹಾಕುವ ಧಾರಾಳದಲ್ಲಿ ನಮ್ಮ ನಾಟಕದ ಅಭಿಮಾನ ಗ್ಯಾರೇಜ್ ಅಭಿಮಾನಕ್ಕಿಂತ ಒಂದು ಕೈ ಮೇಲು. ಲೆಕ್ಕ ಇಡುವುದರಲ್ಲಿ ಸೊನ್ನೆ. ಇದನ್ನು ಸರಿಪಡಿಸಲು ಅಕಾಡೆಮಿ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಮುಂದಿನ ಸಲ ನಿಮ್ಮೂರಲ್ಲಿ ನಾಟಕವಾದಾಗ ಒಂದು ಕರಪತ್ರವನ್ನು ಮಡಚದೆ ಎತ್ತಿಡಿ, ಇನ್ನೊಂದನ್ನು ತಾಲ್ಲೂಕು ಗ್ರಂಥಾಲಯಕ್ಕೆ ಕೊಡಿ. ಒಂದು ಫೋನನ್ನಾದರೂ ಹಾರ್ಮೋನಿಯಂ ಕಡೆ ತಿರುಗಿಸಿ. ವಿಡಿಯೊ ಹಾಕುವಾಗ ಊರು, ತಾರೀಖು, ಪಾತ್ರಧಾರಿಗಳು, ಮೇಷ್ಟ್ರು, ತಬಲದವರು, ಹೊರಗಿಂದ ಬಂದ ನಟಿಯರು, ಎಲ್ಲರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಕನ್ನಡದಲ್ಲಿ ಬರೆಯಿರಿ. ವಯಸ್ಸಾದ ಮೇಷ್ಟರ ಹತ್ತಿರ ಕೂತು, ಈ ಮಟ್ಟು ನಿಮಗೆ ಯಾರಿಂದ ಬಂತು ಎಂದು ಕೇಳಿ ಬರೆದುಕೊಳ್ಳಿ. ಒನ್ಸ್‌ಮೋರ್ ಕೂಗುವಷ್ಟು ಹಾಡನ್ನು ಪ್ರೀತಿಸುವವರಿಗೆ ಇದು ಹೆಚ್ಚಿನ ಕೆಲಸವೇನಲ್ಲ.