ದೂತಿ ಯಾವ ಕಡೆಗೆ ತಿರುಗುತ್ತಾಳೆ?

ರೋಣ ಸೀಮೆಯ ಎರಿಮಣ್ಣಿನ ಊರುಗಳಲ್ಲಿ ಮಾಳಿಗೆ ಮನೆಗಳದ್ದೇ ಸಾಲು. ಮೇಲೆ ಮಣ್ಣು ಹಾಕಿ ಬಡಿದ ಸಪಾಟು ಮೇಲ್ಮುದ್ದೆ; ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡೇ ಓಣಿಯ ಕೊನೆ ಮುಟ್ಟಬಹುದು. ಜಾತ್ರೆಯ ರಾತ್ರಿ ಬಯಲಿನಲ್ಲಿ ಶ್ರೀಕೃಷ್ಣ ಪಾರಿಜಾತವೋ ಸಣ್ಣಾಟವೋ ನಡೆದರೆ ಹೆಂಗಸರು, ಮಕ್ಕಳು ಈ ಮಾಳಿಗೆಗಳ ಮೇಲೆ. ಗಂಡಸರು ಕೆಳಗೆ ತಟ್ಟು ಹಾಸಿಕೊಂಡು. ಊರ ಹಿರಿಯರು ಚಾವಡಿಯ ಕಟ್ಟೆ ಹಿಡಿದು. ನಡುವೆ ಉಳಿದ ನೆಲವೇ ರಂಗ. ಅದೇ ಜಾತ್ರೆಯ ಮರುರಾತ್ರಿ ಊರ ಹುಡುಗರು ಸಾಮಾಜಿಕ ನಾಟಕ ಆಡುತ್ತಾರೆ. ಅದಕ್ಕೆ ಬಾಡಿಗೆಯ ಸೀನ್ಸ್ ಬರುತ್ತದೆ, ನಾಯಕಿಯ ಪಾತ್ರಕ್ಕೆ ಪರವೂರಿನಿಂದ ಕಲಾವಿದೆ ಬರುತ್ತಾರೆ, ಪೇಟಿ ಮಾಸ್ತರರು ಬರುತ್ತಾರೆ. ಅವತ್ತು ಇಡೀ ಊರು ಒಂದೇ ದಿಕ್ಕಿಗೆ ಮುಖ ಮಾಡಿ ಕೂರುತ್ತದೆ.

ಎರಡೂ ಹಾಡಿನ ನಾಟಕಗಳೇ, ನೋಡುವವರೂ ಅದೇ ಜನ. ಆದರೂ ಎರಡನೆಯ ರಾತ್ರಿಯ ಹಾಡನ್ನು ಮೊದಲನೆಯ ರಾತ್ರಿಯ ನೆಲಕ್ಕೆ ತಂದು ನೋಡಿ: ಹಾಡು ತಡವರಿಸುತ್ತದೆ. ಪರದೆಯ ಮುಂದೆ ಬೆಳೆದ ಸಂಗೀತ ನಾಟಕವನ್ನು ಸುತ್ತಲೂ ಜನ ಕೂತ ಅಂಗಳಕ್ಕೆ ಇಳಿಸಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಕುರ್ಚಿಗಳಿಗೆ. ನಾಲ್ಕು ಕಡೆ ಕುರ್ಚಿ ಹಾಕಿದರೆ ಸುತ್ತುರಂಗ ಆಯಿತೆಂದು ನಂಬುತ್ತಾರೆ. ನನ್ನ ಮಟ್ಟಿಗೆ ತೊಡಕು ಇರುವುದು ಹಾಡಿನ ಕಟ್ಟಿನಲ್ಲಿ. ಯಾರು ಹಾಡುತ್ತಾರೆ, ಯಾರು ಮರುದನಿ ಕೊಡುತ್ತಾರೆ, ಆ ಮರುದನಿಯ ಹೊತ್ತಿನಲ್ಲಿ ಪಾತ್ರಧಾರಿ ಏನು ಮಾಡುತ್ತಾನೆ ಎಂಬುದರಲ್ಲಿ.

ಮರುದನಿ ಕಳೆದುಹೋದ ಕಥೆ ನಮ್ಮ ನೆಲದಿಂದಲೇ ಶುರುವಾದದ್ದು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗಲಿಗೆ ಹೋಗಿ ಆಟ ಆಡಿತು. ಅದನ್ನು ಮೆಚ್ಚಿದ ಅಲ್ಲಿನ ದೊರೆ ಮರಾಠಿಯಲ್ಲೂ ಅಂಥದ್ದೊಂದು ಬೇಕೆಂದ. 1843ರಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಅದರಲ್ಲಿ ಹಾಡೆಲ್ಲ ಸೂತ್ರಧಾರನದು, ಅವನ ಹಿಂದೆ ಮೇಳದ್ದು. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ‘ಸಂಗೀತ ಶಾಕುಂತಲ’ ತಂದಾಗ ಈ ಏರ್ಪಾಡು ಮುರಿಯಿತು. ಶಕುಂತಲೆಯ ಹಾಡನ್ನು ಶಕುಂತಲೆಯೇ ಹಾಡಿದಳು, ದುಷ್ಯಂತನದನ್ನು ದುಷ್ಯಂತನೇ. ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು ಎಂಬುದನ್ನು ಅಭಿಮಾನದಿಂದ ಹೇಳಿಕೊಳ್ಳುವ ನಾವು, ಹಿಮ್ಮೇಳದ ಕೈಯಿಂದ ಹಾಡು ಜಾರಿದ್ದೂ ಅವರಿಂದಲೇ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಗದಗಿನಲ್ಲಿ ಶಾಂತಕವಿಗಳು ಮರಾಠಿ ಕಂಪನಿಗಳ ಅಬ್ಬರಕ್ಕೆ ಎದುರಾಗಿ ಕೃತಪುರ ನಾಟಕ ಮಂಡಳಿ ಕಟ್ಟಿದ್ದು 1870ರ ದಶಕದಲ್ಲಿ. ಆಮೇಲೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು, ಪಂಚಾಕ್ಷರಿ ಗವಾಯಿಗಳ ನಾಟ್ಯಸಂಘ ಬಂತು. ಭಾಷೆಯನ್ನು ಗೆದ್ದುಕೊಂಡ ಈ ಪರಂಪರೆ ರಂಗದ ಆಕಾರವನ್ನು ಮಾತ್ರ ಎದುರಾಳಿಯಿಂದಲೇ ಕಡ ತಂದಿತು: ಬರೆದ ಪರದೆ, ಎದುರು ಪ್ರೇಕ್ಷಕ, ಬದಿಯಲ್ಲಿ ಕಾಲುಪೇಟಿ. ಅದರ ಫಲವನ್ನು ಸಣ್ಣದೆಂದು ಯಾರೂ ಹೇಳಲಾರರು. ಬಾಲನಟರಾಗಿ ಕಂಪನಿಯಲ್ಲಿದ್ದ ಮಲ್ಲಿಕಾರ್ಜುನ ಮನ್ಸೂರರಂಥವರು ಅಲ್ಲಿಂದ ಬೈಠಕ್ಕಿಗೆ ನಡೆದರು. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಆಲಾಪಕ್ಕೆ ಒಗ್ಗಿದ ಈ ಸೀಮೆಯ ಕಿವಿಗೆ ರಂಗಗೀತೆಯಲ್ಲೂ ಅದೇ ವಿಸ್ತಾರ ಬೇಕಾಯಿತು. ನಟ ನಿಂತಲ್ಲೇ ನಿಂತು ರಾಗ ಬಿಡಿಸುತ್ತಾನೆ. ಜನ ‘ವನ್ಸ್ ಮೋರ್’ ಎನ್ನುತ್ತಾರೆ. ಕಥೆ ಅಲ್ಲೇ ಕಾಯುತ್ತದೆ.

ಬೈಠಕ್ಕಿನ ಹಾಡಿಗೆ ಒಂದು ಮುಖವಿದೆ. ಅದು ಕೇಳುಗನ ಎದುರಿಗೆ ಕೂತು ಹಾಡುವಂಥದ್ದು. ಆಲಾಪ ಮಾಡುತ್ತ ನಟ ತಿರುಗಿದರೆ ಬೆನ್ನ ಹಿಂದಿನವರಿಗೆ ಅರ್ಧ ತಾನ ಸಿಗುತ್ತದೆ, ಮುಂದಿನವರಿಗೆ ಇನ್ನರ್ಧ. ಸಣ್ಣಾಟದ ಪದಕ್ಕೆ ಈ ಕಷ್ಟವಿಲ್ಲ. ಬೈಲಹೊಂಗಲದ ಪತ್ತಾರ ಮಾಸ್ತರರ ‘ಸಂಗ್ಯಾ ಬಾಳ್ಯಾ’ವನ್ನೇ ನೋಡಿ. ಸಂಗ್ಯಾ ಒಂದು ನುಡಿ ಹಾಡಿ ನಿಲ್ಲಿಸುತ್ತಾನೆ. ಹಿಮ್ಮೇಳ ಅದೇ ನುಡಿಯನ್ನು ಏರುದನಿಯಲ್ಲಿ ಎತ್ತಿಕೊಳ್ಳುತ್ತದೆ. ದಪ್ಪು, ತಾಳ ಜೋರಾಗುತ್ತವೆ. ಆ ಹೊತ್ತಿನಲ್ಲಿ ಸಂಗ್ಯಾ ಕುಣಿಯುತ್ತ ರಂಗ ಸುತ್ತಿ ಇನ್ನೊಂದು ಕಡೆಗೆ ಬಂದಿರುತ್ತಾನೆ. ಮುಂದಿನ ನುಡಿ ಅಲ್ಲಿಂದ. ನಗರದ ವಿಮರ್ಶಕರು ಜಾನಪದದ ‘ಪುನರುಕ್ತಿ’ಯನ್ನು ಸೈರಣೆಯಿಂದ ಕ್ಷಮಿಸುವುದುಂಟು. ಕ್ಷಮಿಸುವಂಥದ್ದೇನೂ ಅಲ್ಲಿಲ್ಲ. ಸುತ್ತ ಕೂತ ಜನಕ್ಕೆಲ್ಲ ಮಾತು ಮುಟ್ಟಿಸಲು ಕಂಡುಕೊಂಡ ಕಸುಬು ಅದು. ಒಂದು ಸಲ ಕೇಳಿಸದವನಿಗೆ ಹಿಮ್ಮೇಳ ಕೇಳಿಸುತ್ತದೆ, ಮುಖ ಕಾಣದವನಿಗೆ ಮುಂದಿನ ನುಡಿಗೆ ಮುಖ ಸಿಗುತ್ತದೆ.

ಪಾರಿಜಾತದಲ್ಲಿ ಈ ಕಸುಬು ಇನ್ನಷ್ಟು ನಾಜೂಕು. ಅಪರಾಳ ತಮ್ಮಣ್ಣನ ಕೃತಿಯನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದ ಎನ್ನುತ್ತಾರೆ. ಅಂದರೆ ಪಾರಿಜಾತ ಹುಟ್ಟಿದ್ದೇ ಒಂದು ರೂಪಾಂತರವಾಗಿ. ಕಥೆ ಇಷ್ಟೇ: ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಇಷ್ಟು ಕಥೆ ರಾತ್ರಿಯಿಡೀ ನಿಲ್ಲುವುದು ದೂತಿಯಿಂದ. ಭಾಗವತನೇ ತಲೆಯ ಮೇಲೆ ಸೆರಗಿನಂತೆ ವಸ್ತ್ರ ಎಳೆದುಕೊಂಡು ದೂತಿಯಾಗುತ್ತಾನೆ. ಭಾಮೆಯ ಬಿಗುಮಾನದ ಮಾತನ್ನು ಊರಮಾತಿಗೆ ತರುತ್ತಾನೆ, ಕೃಷ್ಣನ ಕಾಲೆಳೆಯುತ್ತಾನೆ, ಮಾಳಿಗೆಯ ಮೇಲೆ ತೂಕಡಿಸುವ ಮುದುಕಿಯನ್ನು ಹೆಸರು ಹಿಡಿದು ಕೂಗಿ ಎಬ್ಬಿಸುತ್ತಾನೆ. ಭಾಮೆ ಒಂದು ಕಡೆ ಮುಖ ಮಾಡಿದಾಗ ದೂತಿ ಇನ್ನೊಂದು ಕಡೆ. ಭಾಮೆ ಯಾರಿಗೆ ಬೆನ್ನು ಹಾಕಿದ್ದಾಳೋ ಅವರು ದೂತಿಯ ಪಾಲು. ಅವಳ ತಿರುಗುವಿಕೆಯೇ ರಂಗವನ್ನು ದುಂಡಗೆ ಮಾಡುತ್ತದೆ.

ಕಂಪನಿ ನಾಟಕಕ್ಕೆ ದೂತಿ ಬೇಕಾಗಲಿಲ್ಲ. ಅವಳ ಜಾಗಕ್ಕೆ ಹಾಸ್ಯದ ಜೋಡಿ ಬಂತು. ಹಾಸ್ಯಪಾತ್ರಗಳು ರಸ್ತೆ ಪರದೆಯ ಮುಂದೆ ನಗಿಸುತ್ತಿದ್ದಾಗ ಹಿಂದೆ ಅರಮನೆಯನ್ನೋ ಕಾಡನ್ನೋ ಜೋಡಿಸುತ್ತಿದ್ದರು. ಹಾಸ್ಯದ ಉಪಕಥೆ ಉದ್ದವಾದದ್ದಕ್ಕೆ ಸೀನು ಬದಲಿಸುವವರ ಅವಸರವೂ ಒಂದು ಕಾರಣ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಥೇಟರು ಹಾಕುವ ಕಂಪನಿಗಳಲ್ಲಿ ಇಂದು ಹಾಸ್ಯವೇ ಮುಖ್ಯ ಕಥೆಯನ್ನು ನುಂಗಿ ಕೂತಿದೆ ಎಂದು ಹಳೆಯ ಪ್ರೇಕ್ಷಕರು ಬೇಸರಪಡುತ್ತಾರೆ. ಬೇಸರ ನ್ಯಾಯವಾದದ್ದೇ. ಆದರೆ ಇಂಥ ನಾಟಕವನ್ನು ಪರದೆ ತೆಗೆದು ಬಯಲಿಗೆ ತಂದರೆ ಹಾಸ್ಯದ ಜೋಡಿಗೆ ಕೆಲಸವೇ ಇಲ್ಲ. ಬದಲಿಸಲು ಸೀನಿಲ್ಲ, ಮುಚ್ಚಲು ಏನೂ ಇಲ್ಲ. ಕಸುಬು ಬಲ್ಲ ನಿರ್ದೇಶಕ ಆ ಜೋಡಿಯನ್ನು ಕತ್ತರಿಸಿ ಎಸೆಯುವುದಿಲ್ಲ. ಮತ್ತೆ ದೂತಿಯನ್ನಾಗಿ ಮಾಡುತ್ತಾನೆ. ಧುತ್ತರಗಿಯವರ ‘ಮುದುಕನ ಮದುವೆ’ಯಂಥ ನಾಟಕದಲ್ಲಿ ಕಥೆಯೇ ಪಡಸಾಲೆ, ಓಣಿಗಳ ನಡುವೆ ಓಡಾಡುವುದರಿಂದ ಈ ಕೆಲಸ ಸಲೀಸು. ಅರಮನೆಯ ವೈಭವವನ್ನೇ ನೆಚ್ಚಿದ ಪೌರಾಣಿಕಕ್ಕೆ ಕಷ್ಟ.

ಪರದೆಗಿಂತ ಗಟ್ಟಿಯಾದ ಇನ್ನೊಂದು ಗೋಡೆಯೂ ಇದೆ. ಅದು ಮೈಕು. ಮೇಲಿಂದ ತೂಗುಬಿಟ್ಟ ಮೈಕಿನ ಕೆಳಗೆ ಬಂದು ನಿಂತರೇ ನಟನಿಗೆ ದನಿ. ಪಾತ್ರಗಳೆಲ್ಲ ಆ ಒಂದು ಗೇಣಿನ ಸುತ್ತ ಸೇರಿಕೊಂಡು ಎದುರು ನೋಡುತ್ತ ಮಾತಾಡುತ್ತವೆ. ಪಾರಿಜಾತದ ಮೇಳಗಳೂ ಇದಕ್ಕೆ ಶರಣಾಗಿವೆ. ಮೈಕು ಬಂದ ಮೇಲೆ ಪಾತ್ರಧಾರಿ ರಂಗ ಸುತ್ತುವುದು ಕಡಿಮೆಯಾಯಿತು. ಸುತ್ತಿದರೂ ಹಾಡು ಮುಗಿಸಿಯೇ. ದನಿ ಒಂದು ಕಡೆಯ ಭೋಂಗಾದಿಂದ, ಮೈ ಇನ್ನೊಂದು ಕಡೆ. ಅಂಗಿಗೆ ಸಿಕ್ಕಿಸುವ ಮೈಕು ಈ ನಡೆದಾಟವನ್ನು ಹಿಂದಕ್ಕೆ ಕೊಟ್ಟಿತು, ಆದರೆ ದನಿ ಬರುವ ದಿಕ್ಕನ್ನು ಕೊಡಲಿಲ್ಲ. ಬಯಲಿನಲ್ಲಿ ಕೂತವನು ಬಾಯಿ ಅಲ್ಲಾಡುವುದನ್ನು ನೋಡಿ ಯಾರು ಹಾಡುತ್ತಿದ್ದಾರೆಂದು ಕಂಡುಹಿಡಿಯಬೇಕು.

ಹೊರಗಿನವರು ಈ ಸಮಸ್ಯೆಯನ್ನು ಬೇರೆ ಕಡೆಯಿಂದ ಎದುರಿಸಿದ್ದಾರೆ. 1949ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಲ್ಯಾಂಬರ್ಟ್‌ವಿಲ್‌ನಲ್ಲಿ ಸೇಂಟ್ ಜಾನ್ ಟೆರೆಲ್ ಎಂಬಾತ ಸರ್ಕಸ್ಸಿನಂಥ ಡೇರೆ ಹಾಕಿ, ನಡುವೆ ದುಂಡು ರಂಗ ಮಾಡಿ, ಬ್ರಾಡ್‌ವೇಯ ಹಾಡಿನ ನಾಟಕಗಳನ್ನು ಆಡಿಸಿದ. ಅಲ್ಲಿನ ಪಾಠಗಳು ಸರಳ: ಮುಂದಿನ ಸಾಲಿನವನ ಕಣ್ಣಿಗೆ ಅಡ್ಡ ಬರುವ ಎತ್ತರದ ವಸ್ತು ರಂಗದಲ್ಲಿ ಇರಕೂಡದು, ಪ್ರವೇಶ, ನಿರ್ಗಮನ ಜನರ ನಡುವಿನ ದಾರಿಗಳಲ್ಲೇ, ಪರದೆಯ ಕೆಲಸ ಕತ್ತಲೆಯದು, ಸಾಲಾಗಿ ನಿಂತು ಕುಣಿಯುತ್ತಿದ್ದವರು ಈಗ ಬಳಸಿ ಕುಣಿಯಬೇಕು. ಸೋಜಿಗವೆಂದರೆ, ಡೇರೆ ನಮ್ಮ ಕಂಪನಿಗಳಿಗೂ ಇತ್ತು. ಅವರು ಡೇರೆಯೊಳಗೆ ದುಂಡು ರಂಗ ಕಂಡರು; ನಾವು ಬಯಲಾಟದ ನಾಡಿನಲ್ಲಿದ್ದೂ ತಗಡಿನ ಥೇಟರಿನೊಳಗೆ ಚೌಕಟ್ಟು ಕಟ್ಟಿದೆವು. ಆದರೂ ಅವರ ಪಾಠಗಳೆಲ್ಲ ಕಣ್ಣಿಗೆ ಸಂಬಂಧಪಟ್ಟವು. ಕಿವಿಯ ಪಾಠಕ್ಕೆ ನಾವು ಹಿಮ್ಮೇಳದ ಬಳಿಗೇ ಬರಬೇಕು.

ಬಂದವರಿಲ್ಲವೆಂದಲ್ಲ. ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಹಾಡು ಕೇಳುತ್ತಲೇ ಬೆಳೆದವರು, ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. 1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಕಾರಂತರು ಆಡಿಸಿದ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಎರಡು ಪರಂಪರೆಗಳು ಕೈ ಕುಲುಕಿದವು. ಹಿಮ್ಮೇಳ ಮತ್ತೆ ಕಥೆಯ ಒಳಗೆ ಬಂತು, ಸೂತ್ರಧಾರನ ಜೊತೆ ಜಗಳಕ್ಕೂ ನಿಂತಿತು. ಆದರೆ ಅದರ ಬೆನ್ನಿಗೆ ಬಂದ ಎಷ್ಟೋ ಪ್ರಯೋಗಗಳಲ್ಲಿ ನಡೆದದ್ದೇನು? ಹಿಮ್ಮೇಳ ರಂಗದ ಒಂದು ಮೂಲೆಯಲ್ಲಿ ಚಾಪೆ ಹಾಸಿ ಕೂತು ‘ಸಂಗೀತ ವಿಭಾಗ’ವಾಯಿತು. ಕುಣಿತ, ಮುಂಡಾಸು, ಗೆಜ್ಜೆ ಎಲ್ಲ ಬಂದವು, ತಿರುಗುವಿಕೆ ಬರಲಿಲ್ಲ. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ‘ಬೆಲ್ಚಿ’ಯಂಥ ಬೀದಿನಾಟಕಗಳಲ್ಲಿ ಜನರ ನಡುವೆ ನಿಂತಿತು. ನೋಡುವವನಿಗೂ ಆಡುವವನಿಗೂ ನಡುವಿನ ಅಂತರ ಅಳಿಸಿದ್ದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಅಲ್ಲಿ ಸೊರಗಿದ್ದು ಹಾಡು. ಒಕ್ಕೊರಲಿನಲ್ಲಿ ಎಲ್ಲರೂ ಒಂದೇ ಮಾತು ಹಾಡಿದಾಗ ಹುರುಪು ಹುಟ್ಟುತ್ತದೆ. ಒಬ್ಬಳ ಮುನಿಸು, ಇನ್ನೊಬ್ಬನ ಸುಳ್ಳು ಹಾಡಿನಲ್ಲಿ ಎದುರುಬದುರಾಗುವುದಿಲ್ಲ. ಒಂದು ಕಡೆ ಸಂಗೀತ ಉಳಿದು ವೃತ್ತ ಹೋಯಿತು, ಇನ್ನೊಂದು ಕಡೆ ವೃತ್ತ ಉಳಿದು ಸಂಗೀತ ಹೋಯಿತು.

ಹಾಗೆಂದು ಹಳೆಯ ಬಯಲಿನ ಆಟವನ್ನು ಹೊಗಳಿ ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಅದರ ವೃತ್ತ ಪೂರಾ ವೃತ್ತವೇ ಅಲ್ಲ. ಹಿಮ್ಮೇಳ ನಿಂತ ಕಡೆ ಒಂದು ಬೆನ್ನು ಇದ್ದೇ ಇದೆ. ಅಲ್ಲಿ ಕೂತವರಿಗೆ ಕಾಣುವುದು ಮೇಳದವರ ಅಂಗಿ. ಆ ಜಾಗದಲ್ಲಿ, ಅಥವಾ ದೂರದಲ್ಲಿ, ಯಾರು ಕೂರಬೇಕಾಗಿತ್ತು ಎಂದು ಊರಿನ ಜಾತಿಯ ಲೆಕ್ಕ ಬಲ್ಲವರನ್ನು ಕೇಳಿದರೆ ತಿಳಿಯುತ್ತದೆ. ಕಟ್ಟೆಯ ಮೇಲೆ ಗೌಡ, ಕುಲಕರ್ಣಿ ಕೂತಾಗ ಪಾತ್ರಧಾರಿಯ ಕಾಲು ತಾನಾಗಿ ಆ ಕಡೆಗೆ ಎಳೆಯುತ್ತಿತ್ತು. ಆಯೇರಿ ಬರುವುದೂ ಆ ದಿಕ್ಕಿನಿಂದಲೇ. ದುಂಡಗೆ ಕೂತ ಮಾತ್ರಕ್ಕೆ ಎಲ್ಲರೂ ಸಮ ಎನ್ನುವುದು ನಗರದವರ ಮುಗ್ಧತೆ. ಹೆಂಗಸರು ಮಾಳಿಗೆಯ ಮೇಲಿದ್ದದ್ದು ಚೆಲುವಾದ ನೋಟ, ನಿಜ; ಕೆಳಗೆ ಜಾಗವಿರಲಿಲ್ಲ ಎಂಬುದೂ ನಿಜ. ಭಾಮೆಯ ಮುನಿಸನ್ನು ಗಂಡಸರೇ ಆಡುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ಪಾರಿಜಾತದ ರಂಗಕ್ಕೆ ಇಳಿದದ್ದು ಅದಕ್ಕೇ ಅಷ್ಟು ದೊಡ್ಡ ಮಾತು. ಮಾಳಿಗೆಯ ಮೇಲಿನವರಲ್ಲಿ ಒಬ್ಬಳು ನೆಲಕ್ಕೆ ಬಂದಿದ್ದಳು.

ಈ ಬೆನ್ನಿನ ದೋಷಕ್ಕೆ ಮದ್ದು ಎಲ್ಲಿದೆ? ರೋಣ, ಗಜೇಂದ್ರಗಡ, ನರಗುಂದದ ಹಳ್ಳಿಗಳಲ್ಲಿ ಮೊಹರಂ ಬಂದಾಗ ಅಲಾಯಿ ಕುಣಿಯ ಸುತ್ತ ನೋಡಬೇಕು. ಹಿಂದೂ, ಮುಸಲ್ಮಾನ ಎನ್ನದೆ ಊರ ಹುಡುಗರೆಲ್ಲ ಹೆಜ್ಜೆಮೇಳ ಕಟ್ಟಿ, ರಿವಾಯತ್ ಪದ ಹಾಡುತ್ತ ಕುಣಿ ಸುತ್ತುತ್ತಾರೆ. ಮುಂದಾಳು ಒಂದು ಸಾಲು ಎತ್ತಿದರೆ ಮೇಳ ಅದನ್ನೇ ಹಿಡಿದು ಹೆಜ್ಜೆ ಹಾಕುತ್ತದೆ. ಸಣ್ಣಾಟದ್ದೇ ಕಟ್ಟು. ವ್ಯತ್ಯಾಸ ಒಂದೇ: ಇಲ್ಲಿ ಹಿಮ್ಮೇಳ ನಿಂತಿಲ್ಲ, ನಡೆಯುತ್ತಿದೆ. ಹಿಮ್ಮೇಳವೇ ನಡೆದಾಗ ರಂಗಕ್ಕೆ ಬೆನ್ನು ಎಂಬುದು ಇಲ್ಲ. ಇನ್ನೊಂದು ಕಡೆ ಭಾದ್ರಪದದಲ್ಲಿ ಜೋಕುಮಾರನ ಬುಟ್ಟಿ ಹೊತ್ತ ಹೆಂಗಸರು ಮನೆಮನೆಯ ಅಂಗಳದಲ್ಲಿ ಬುಟ್ಟಿ ಇಳಿಸಿ ಹಾಡುತ್ತಾರೆ. ಮನೆಯ ಹೆಂಗಸರು ಸುತ್ತ ನೆರೆಯುತ್ತಾರೆ. ಅಲ್ಲಿ ಮಾಳಿಗೆ ಹತ್ತುವ ಮಾತೇ ಇಲ್ಲ. ಬಯಲಾಟಕ್ಕೆ ಬೇಕಾದ ತಿದ್ದುಪಡಿಗಳು ಅದೇ ಓಣಿಗಳಲ್ಲಿ, ನಾಟಕ ಎಂಬ ಹೆಸರಿಲ್ಲದೆ ನಡೆದುಕೊಂಡೇ ಬಂದಿವೆ.

ಹಾಗಾಗಿ ಕಂಪನಿಯ ಸಂಗೀತ ನಾಟಕವನ್ನು ಅಂಗಳಕ್ಕೆ ತರುವವರು ಮೊದಲು ಹಾಡಿನ ಹೊಲಿಗೆ ಬಿಚ್ಚಬೇಕು. ಆಲಾಪ ತಗ್ಗಲಿ, ಪಲ್ಲವಿ ಹಿಮ್ಮೇಳಕ್ಕೆ ಹೋಗಲಿ, ಎರಡು ನುಡಿಗಳ ನಡುವೆ ನಾಲ್ಕು ಹೆಜ್ಜೆಯ ಜಾಗ ಸಿಗಲಿ. ಇದರಿಂದ ಒಳ್ಳೆಯ ಗಾಯಕನಟನಿಗೆ ನಷ್ಟವಿದೆ. ‘ವನ್ಸ್ ಮೋರ್’ ಅಷ್ಟು ಸುಲಭವಾಗಿ ಸಿಗದು. ಅದನ್ನು ಒಪ್ಪಿಕೊಳ್ಳದವರು ಪರದೆಯ ಮುಂದೆಯೇ ಆಡುವುದು ಮೇಲು, ಅದರಲ್ಲಿ ಕೀಳು ಏನೂ ಇಲ್ಲ. ಒಪ್ಪಿಕೊಂಡವರು ತಾಲೀಮಿನ ಮೊದಲ ದಿನವೇ ಪೇಟಿ ಮಾಸ್ತರರನ್ನು ಕುರ್ಚಿಯಿಂದ ಎಬ್ಬಿಸಬೇಕಾಗುತ್ತದೆ. ಮಾಸ್ತರರು ಸಿಟ್ಟಾಗಬಹುದು. ಆಗ ಭಜನಾ ಮೇಳದವರನ್ನು ತೋರಿಸಿದರಾಯಿತು. ದಿಂಡಿಯ ದಿನ ಅವರು ಪೇಟಿಯನ್ನು ಕೊರಳಿಗೆ ಹಾಕಿಕೊಂಡು ಊರೆಲ್ಲ ಸುತ್ತುತ್ತಾರೆ, ಒಂದು ಸ್ವರವೂ ತಪ್ಪುವುದಿಲ್ಲ.