ಜೋಕಾಲಿ ತಾನಾಗಿ ಏರಿದಾಗ

ಪಂಚಮಿಗೆ ಜಡೆ ಎಂಬ ಊರಲ್ಲಿರುವ ಅಕ್ಕನ ಮನೆಗೆ ಹೋದರೆ ಮೊದಲು ಕಾಣುವುದು ಹಿತ್ತಲ ಹುಣಸೆ ಮರದ ಜೋಕಾಲಿ, ಆಮೇಲೆ ತಟ್ಟೆಯಲ್ಲಿ ತಂಬಿಟ್ಟು. ಈ ಸಲ ಉಂಡೆ ಬಾಯಿಗಿಡುವ ಮೊದಲೇ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದು ಬಂದಳು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಬಿ.ಎಸ್ಸಿ. ಓದುವವಳು, ಫಿಸಿಕ್ಸ್ ಅವಳ ಇಷ್ಟದ ವಿಷಯ.

"ಪೈಥಾನ್ ಮುಗೀತು ಮಾವ. ಇನ್ನು ಸಿ ಪ್ಲಸ್ ಪ್ಲಸ್ ಕಲೀಲೋ, ಜಾವಾ ಕಲೀಲೋ?"

ಮುಗಿದದ್ದೇನು ಎಂದು ನೋಡಿದೆ. ಅವಿಭಾಜ್ಯ ಸಂಖ್ಯೆ ಹುಡುಕುವುದು, ಅಂಕಗಳ ಸರಾಸರಿ, ಚುಕ್ಕಿಗಳ ತ್ರಿಕೋನ. ಲೂಪ್, ಇಫ್, ಫಂಕ್ಷನ್ ಎಲ್ಲ ಸರಿಯಾಗಿಯೇ ಇತ್ತು. ಫಿಸಿಕ್ಸ್ ಮಾತ್ರ ಹನಿಯಷ್ಟೂ ಇರಲಿಲ್ಲ. ಕಡಗೋಲು ತಿರುಗಿಸಲು ಕಲಿತವಳು ಮೊಸರು ಹುಡುಕಬೇಕು, ಇವಳು ಇನ್ನೊಂದು ಕಡಗೋಲಿನ ರೇಟು ಕೇಳುತ್ತಿದ್ದಳು. ಇದು ಇವಳೊಬ್ಬಳ ಕಥೆಯಲ್ಲ. ಈ ಅಂಕಣಕ್ಕೆ ಕಾಗದ ಬರೆಯುವ ಹುಡುಗರಲ್ಲಿ ಅರ್ಧ ಜನ ಕೇಳುವುದೂ ಇದನ್ನೇ.

"ಅದೆಲ್ಲ ಆಮೇಲೆ. ಆ ಜೋಕಾಲೀನ ಇದರೊಳಗೆ ಕಟ್ಟು" ಎಂದೆ.

ಅವಳಿಗೆ ಸುಲಭ ಅನಿಸಿತು. ಲೋಲಕದ ಪಾಠ ಪಿಯುಸಿಯಲ್ಲೇ ಆಗಿದೆ. ಅಲ್ಲಿ ಮೇಷ್ಟ್ರು "ಕೋನ ಚಿಕ್ಕದು ಎಂದುಕೊಳ್ಳೋಣ" ಎಂದು ಸೈನ್ ಥೀಟಾವನ್ನು ಬರೀ ಥೀಟಾ ಮಾಡಿ ಮುಂದೆ ಹೋಗುತ್ತಾರೆ. ಕಾಗದದ ಮೇಲೆ ಬಿಡಿಸಲು ಆಗದೆ ಇರುವುದಕ್ಕೆ ಆ ಉಪಾಯ. ಕಂಪ್ಯೂಟರಿಗೆ ಆ ದಾಕ್ಷಿಣ್ಯ ಬೇಕಿಲ್ಲ. ಈ ಕ್ಷಣದ ಕೋನದಿಂದ ವೇಗೋತ್ಕರ್ಷ ತೆಗೆ, ಅದರಿಂದ ಮುಂದಿನ ಕ್ಷಣದ ವೇಗ, ಈಗಿನ ವೇಗದಿಂದ ಮುಂದಿನ ಕೋನ. ಸೆಕೆಂಡಿನ ನೂರನೇ ಒಂದು ಭಾಗದಂತೆ ಹೆಜ್ಜೆ ಇಡುತ್ತಾ ಹೋಗು. 18ನೇ ಶತಮಾನದ ಆಯ್ಲರ್ ಕಂಡ ದಾರಿ ಇದು. ಹದಿನೈದು ಸಾಲು ಸಾಕು.

ಕೊಂಬೆಯಿಂದ ಹಲಗೆಯವರೆಗೆ ಐದು ಮೀಟರ್ ಅಳತೆ ಹಾಕಿದಳು, 30 ಡಿಗ್ರಿಯಿಂದ ಬಿಟ್ಟಳು. ಗ್ರಾಫು ಚೆಂದ ಬಂತು. ಹತ್ತು ಸೆಕೆಂಡಿನ ಬದಲು ಒಂದು ನಿಮಿಷ ಓಡಿಸು ಎಂದೆ. ಆಗ ನೋಡಿ ಮಜಾ. ಯಾರೂ ದೂಡದೆ, ಯಾರೂ ಜೀಕದೆ ಜೋಕಾಲಿ ತಾನಾಗಿ ಮೇಲೇರತೊಡಗಿತ್ತು! ಒಂದೊಂದು ತೂಗಿಗೂ ಶಕ್ತಿ ಸುಮಾರು ಶೇ 9ರಷ್ಟು ಹೆಚ್ಚುತ್ತಾ, ಎಂಟು ತೂಗು ಮುಗಿಯುವಷ್ಟರಲ್ಲಿ ಎರಡು ಪಟ್ಟಿನ ಹತ್ತಿರ. ಬಿಟ್ಟಿದ್ದರೆ ಕೊಂಬೆಯನ್ನೇ ಸುತ್ತಿ ಬರುತ್ತಿತ್ತು.

ಅವಳು ಮೊದಲು ಸ್ಪೆಲ್ಲಿಂಗ್ ತಪ್ಪು ಹುಡುಕಿದಳು. ಆಮೇಲೆ ಜಿ ಬೆಲೆ ತಿದ್ದಿದಳು. ನಾನು ಸುಮ್ಮನೆ ಎರಡನೇ ಉಂಡೆ ಮುಗಿಸಿದೆ. ಪ್ರೋಗ್ರಾಂ ಕಲಿತ ಫಿಸಿಕ್ಸ್ ವಿದ್ಯಾರ್ಥಿಯ ಮುಂದಿನ ಹೆಜ್ಜೆ ಯಾವುದು ಎಂದರೆ ನಾನು ತೋರಿಸುವುದು ಈ ಗಳಿಗೆಯನ್ನೇ. ಪ್ರೋಗ್ರಾಂನಲ್ಲಿ ಎರರ್ ಇಲ್ಲ, ಗ್ರಾಫು ನಯವಾಗಿದೆ, ಉತ್ತರ ಮಾತ್ರ ಸುಳ್ಳು. ಅದು ಸುಳ್ಳೆಂದು ಹೇಳಿದ್ದು ಪೈಥಾನ್ ಅಲ್ಲ, ಶಕ್ತಿ ಸಂರಕ್ಷಣೆಯ ನಿಯಮ. ಫಿಸಿಕ್ಸ್ ಓದಿದವರಿಗೆ ಇರುವ ಅನುಕೂಲ ಅದೊಂದೇ, ಆದರೆ ಸಣ್ಣದಲ್ಲ.

ಮದ್ದು ಒಂದೇ ಸಾಲಿನದು. ಮೊದಲು ವೇಗ ತಿದ್ದಿ, ಆ ಹೊಸ ವೇಗದಿಂದಲೇ ಕೋನ ತಿದ್ದಬೇಕು. ಸಾಲು ಅದಲು ಬದಲಾದರೆ ಸಾಕು, ಶಕ್ತಿ ಸ್ವಲ್ಪ ಮೇಲೆ ಕೆಳಗೆ ಆಡುತ್ತದೆ, ಓಡಿಹೋಗುವುದಿಲ್ಲ. 1981ರಲ್ಲಿ ಅಲನ್ ಕ್ರೋಮರ್ ಇದರ ಬಗ್ಗೆ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಬರೆದರು. ಅದನ್ನು ಅವರಿಗೆ ತೋರಿಸಿದ್ದು ಒಬ್ಬ ಪ್ರೌಢಶಾಲೆಯ ಹುಡುಗಿ; ಪ್ರೋಗ್ರಾಂ ಬರೆಯುವಾಗ ಕೈತಪ್ಪಿ ಸಾಲು ಹಿಂದುಮುಂದಾಗಿತ್ತಂತೆ. ಈ ಕಥೆ ಕೇಳಿದ ಮೇಲೆ ನಮ್ಮ ಹುಡುಗಿಯ ಮುಖ ಸ್ವಲ್ಪ ಅರಳಿತು.

ಇಲ್ಲಿಂದ ಮುಂದಕ್ಕೆ ಓಣಿಗಳು ಬೇಕಾದಷ್ಟಿವೆ. ನನಗೆ ಪ್ರಿಯವಾದದ್ದು ಗುಂಡು–ಸ್ಪ್ರಿಂಗುಗಳ ಸರಪಳಿ. ಲಾಸ್ ಅಲಮೋಸ್‌ನ ಮ್ಯಾನಿಯಾಕ್ ಯಂತ್ರದ ಮೇಲೆ ಫರ್ಮಿ, ಪಾಸ್ತಾ, ಉಲಾಮ್ ಇದನ್ನು ಓಡಿಸಿದರು. ಪ್ರೋಗ್ರಾಂ ಬರೆದವರು ಮೇರಿ ಸಿಂಗೌ. ಸ್ಪ್ರಿಂಗಿಗೆ ಚೂರೇ ಚೂರು ವಕ್ರತೆ ಸೇರಿಸಿದರೆ, ಒಂದು ಕಂಪನಕ್ಕೆ ಕೊಟ್ಟ ಶಕ್ತಿ ನಿಧಾನಕ್ಕೆ ಎಲ್ಲ ಕಂಪನಗಳಿಗೂ ಹಂಚಿಹೋಗುತ್ತದೆ ಎಂದು ಎಲ್ಲರ ಎಣಿಕೆ. ಹಂಚಿದ ಹಾಗೆ ಮಾಡಿ, ಬಹಳ ಹೊತ್ತಿನ ಮೇಲೆ ಶಕ್ತಿ ಹೆಚ್ಚುಕಡಿಮೆ ಪೂರ್ತಿ ಮೊದಲಿನ ಕಂಪನಕ್ಕೇ ವಾಪಸ್ ಬಂತು. ವರದಿ ಹೊರಬಂದದ್ದು 1955ರಲ್ಲಿ; ಫರ್ಮಿ ಅಷ್ಟರಲ್ಲಿ ತೀರಿಕೊಂಡಿದ್ದರು. ಮೇರಿಯ ಹೆಸರು ಆ ಸಮಸ್ಯೆಯ ಹೆಸರಿಗೆ ಸೇರಲು ಅರ್ಧ ಶತಮಾನ ಹಿಡಿಯಿತು. ಇದು ನನಗೆ ಈಗಲೂ ಕಹಿ. ಅಂದು ಕೋಣೆ ತುಂಬುವ ಯಂತ್ರ ಮಾಡಿದ ಲೆಕ್ಕವನ್ನು ಇಂದು ಜಡೆಯ ಜಗಲಿಯಲ್ಲಿ ಐವತ್ತು ಸಾಲಿನಲ್ಲಿ ಮಾಡಬಹುದು. ಆದರೆ ಅವಸರದ ಆಯ್ಲರ್ ದಾರಿ ಹಿಡಿದರೆ ಆ ವಾಪಸಾತಿ ಕಾಣುವುದೇ ಇಲ್ಲ.

ಐಸಿಂಗ್ ಮಾದರಿ, ಗ್ರಹಗಳ ಕಕ್ಷೆ ಇವೂ ಒಳ್ಳೆಯವೇ, ಇನ್ನೊಂದು ವಾರಕ್ಕಿರಲಿ. ಪಾಠ ಬೇಕೆನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳು ಕನ್ನಡದಲ್ಲೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ನಡೆಸುತ್ತಾ ಬಂದಿರುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕುವಾಗ, ನಾಲ್ಕು ಭಾಷೆಗಳ ಸರ್ಟಿಫಿಕೇಟಿಗಿಂತ ಸ್ವಂತವಾಗಿ ಮಾಡಿ ತಪ್ಪು ಹಿಡಿದ ಒಂದು ಜೋಕಾಲಿಯ ಲೆಕ್ಕವೇ ಮೇಲು ಎಂದು ನನ್ನ ಮತ.

ಲೆಕ್ಕ ಆಯಿತು, ಜೋಕಾಲಿ ಹೊರಗೇ ಇತ್ತಲ್ಲ. 45 ಡಿಗ್ರಿಯಿಂದ ಬಿಟ್ಟರೆ ಒಂದು ತೂಗಿಗೆ ಪುಸ್ತಕದ ಸೂತ್ರ ಕೊಡುವುದು 4.49 ಸೆಕೆಂಡು, ಅವಳ ಪ್ರೋಗ್ರಾಂ ಕೊಟ್ಟದ್ದು 4.67. ಶೇ 4 ವ್ಯತ್ಯಾಸ, ಮೂರು ತೂಗಿಗೆ ಅರ್ಧ ಸೆಕೆಂಡು. ಮೊಬೈಲಿನ ಸ್ಟಾಪ್‌ವಾಚಿಗೆ ಸಿಕ್ಕುವ ಅಂತರ. ಆದರೆ ಮನುಷ್ಯ ಕೂತರೆ ಜೀಕದೆ ಇರಲಾರ. ಅದಕ್ಕೆ ಭತ್ತದ ಅರ್ಧ ಚೀಲ ಕೂರಿಸಿ ಕಟ್ಟಿದೆವು. ನೈಲಾನ್ ಹಗ್ಗ ಭಾರಕ್ಕೆ ಹಿಗ್ಗಿತ್ತು, ಮತ್ತೆ ಅಳೆದು ಗಂಟು ಬಿಗಿದೆವು. ಚೀಲದ ನಡುವಿನವರೆಗೆ ಅಳೆಯಬೇಕೋ ಹಲಗೆಯವರೆಗೋ ಎಂದು ಭಾವನೂ ವಾದಕ್ಕಿಳಿದರು. ಜಿಟಿಜಿಟಿ ಮಳೆಯಲ್ಲಿ ಐದು ಸಲ ಬಿಟ್ಟೆವು. ಮೂರು ತೂಗಿಗೆ ಸರಾಸರಿ 13.9 ಸೆಕೆಂಡು. ಪುಸ್ತಕದ್ದು 13.5, ಪ್ರೋಗ್ರಾಂದು 14.0.

"ಆ ಒಂದು ಪಾಯಿಂಟ್ ಎಲ್ಲಿ ಹೋಯ್ತು? ಗಾಳಿಗಾ?" ಎಂದು ಕೇಳಿದಳು. ಗಾಳಿಗೆ ಕೋನ ಕುಗ್ಗುತ್ತಾ ಬರುತ್ತದೆ, ಇರಬಹುದು. ಬೆರಳು ಒತ್ತಿದ್ದು ಹಿಂದೆಮುಂದೆ ಆಗಿದ್ದರೂ ಇರಬಹುದು. ಗಾಳಿಯ ತಡೆಯನ್ನೂ ಸೇರಿಸಿ ನೋಡು ಎಂದು ಹೇಳಿ ಬಸ್ಸು ಹತ್ತಿದೆ.

ರಾತ್ರಿ ವಾಟ್ಸಾಪ್ ಬಂತು. ಗಾಳಿ ಸೇರಿಸಿದ್ದಾಳೆ, ಹೆಜ್ಜೆಯನ್ನು ಹತ್ತು ಪಟ್ಟು ಚಿಕ್ಕದು ಮಾಡಿ ಉತ್ತರ ಬದಲಾಗುವುದಿಲ್ಲ ಎಂದೂ ನೋಡಿದ್ದಾಳೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು: "ಮಾವ, ವೀಡಿಯೊ ನಿಧಾನ ಮಾಡಿ ನೋಡ್ದೆ. ಚೀಲ ಹಿಂದೆಮುಂದೆ ತೂಗೋದರ ಜೊತೆಗೆ ಗರಗರ ಸುತ್ತತಾನೂ ಇದೆ. ಅದಕ್ಕೆ ಇನ್ನೊಂದು ಸಮೀಕರಣ ಬೇಕಲ್ವಾ?"