ಹುಳವೋ ಶೇಷನೋ: ವಿಜಯಪುರ ಸೀಮೆಯ ಒಗಟು ಮತ್ತು ಪದಕ್ರೀಡೆ

ಕನ್ನಡದ ಒಗಟು ಸಂಕಲನಗಳಲ್ಲಿ ಉತ್ತರವನ್ನು ಆಧರಿಸಿದ ವರ್ಗೀಕರಣವೇ ಹೆಚ್ಚು ರೂಢಿಯಲ್ಲಿದೆ. ಕೀಟಗಳು ಒಂದು ಭಾಗವಾದರೆ ಪುರಾಣದ ಜೀವಿಗಳು ಇನ್ನೊಂದು ಭಾಗ. ಪಿಎಚ್.ಡಿ. ಅಧ್ಯಯನದಲ್ಲಿ ನಾನೂ ಈ ಕ್ರಮವನ್ನೇ ಅನುಸರಿಸಿದ್ದೆ. ಸೂಚಿ ಸಿದ್ಧಪಡಿಸಲು ಇದು ಅನುಕೂಲ. ಆಟವನ್ನು ಅರಿಯಲು ಅಡ್ಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಆಡುಮಾತನ್ನು ಮುಂದಿಟ್ಟುಕೊಂಡರೆ ಈ ಎರಡು ವರ್ಗಗಳ ನಡುವಿನ ಗೆರೆ ನಿಲ್ಲುವುದಿಲ್ಲ.

'ಹುಳ' ಎಂಬ ಪದವನ್ನೇ ಗಮನಿಸಬಹುದು. ಇರುವೆ, ಜೇಡ, ಚೇಳು ಎಲ್ಲವೂ ಜನಪದರ ಎಣಿಕೆಯಲ್ಲಿ ಹುಳಗಳೇ. ರಾತ್ರಿ ಹಾವಿನ ಹೆಸರೆತ್ತಬಾರದೆಂಬ ನಂಬಿಕೆಯಿಂದ ಹಾವೂ ಹುಳವಾಗುತ್ತದೆ. ಕಚ್ಚಿದರೆ 'ಹುಳ ಮುಟ್ಟಿತು' ಎನ್ನುವರು. ಹಾವು ಹುಳವಾದ ಮೇಲೆ ಭೂಮಿ ಹೊತ್ತ ಆದಿಶೇಷನೂ ಹುಳವೇ ಆಗಬೇಕಲ್ಲ! ಭಯದಿಂದ ಹುಟ್ಟಿದ ಮರೆಮಾತನ್ನು ಒಗಟು ವಿನೋದಕ್ಕೆ ತಿರುಗಿಸುತ್ತದೆ. ಮದುವೆಯಲ್ಲಿ ಗಂಡನ ಹೆಸರನ್ನು ನೇರವಾಗಿ ನುಡಿಯದೆ ಪದ್ಯದಲ್ಲಿ ಹುದುಗಿಸಿ ಹೇಳುವುದಕ್ಕೂ, ಒಗಟಿಗೂ ಉತ್ತರ ಕರ್ನಾಟಕದಲ್ಲಿ 'ಒಡಪು' ಎಂಬ ಒಂದೇ ಹೆಸರಿರುವುದು ಆಕಸ್ಮಿಕವಲ್ಲ. ಇನ್ನು 'ಎರೆ': ಡೋಣಿ ದಂಡೆಯ ಕಪ್ಪು ನೆಲ ಎರೆ, ಗಾಳಕ್ಕೆ ಸಿಕ್ಕಿಸುವ ತುತ್ತು ಎರೆ, ನೀರು ಹೊಯ್ಯುವುದೂ ಎರೆ. ಎರೆಹುಳ ಈ ಮೂರಕ್ಕೂ ಸೇರಿದ ಜೀವಿ. ನೆಲದಡಿಯ ಶೇಷನಿಗೆ ಬಡ ನೆಂಟ.

ಸಂಖ್ಯೆಗಳಲ್ಲಿ ಈ ಕ್ರೀಡೆ ಇನ್ನೂ ಸೂಕ್ಷ್ಮವಾಗುತ್ತದೆ. 'ಕಾಲು' ಅಂಗವೂ ಹೌದು, ನಾಲ್ಕನೆಯ ಒಂದು ಪಾಲೂ ಹೌದು. ಇರುವೆಯ 'ಆರು ಕಾಲು' ಸ್ವರ ಕೊಂಚ ದೀರ್ಘವಾದೊಡನೆ 'ಆರೂಕಾಲು' ಆಗಿ ಲೆಕ್ಕದ ಮಾತಾಗುತ್ತದೆ. 'ಎಂಟು ಕಾಲು' ಎಂದರೆ ಜೇಡ ನೆನಪಾಗುವುದು ಸಹಜ. ಆದರೆ ನರಸಿಂಹನನ್ನು ಅಡಗಿಸಿದನೆಂದು ಶೈವ ಪುರಾಣಗಳು ಹೇಳುವ ಶರಭನಿಗೂ ಎಂಟೇ ಕಾಲು. 'ತಲಿ ಹತ್ತು' ಎಂಬೆರಡು ಪದಗಳನ್ನು ಎಣಿಕೆಯಾಗಿ ಕೇಳಿದರೆ ರಾವಣ, ಕ್ರಿಯೆಯಾಗಿ ಕೇಳಿದರೆ ಹೇನು. ಲಂಕೇಶ್ವರನೂ ಹೇನೂ ಒಂದೇ ಉಸಿರಿನಲ್ಲಿ ಬಂದು ಹೋಗುವ ಈ ಸಲುಗೆ ಶಿಷ್ಟ ಕಾವ್ಯದಲ್ಲಿ ವಿರಳ. ವಿಚಿತ್ರ ಜೀವಿ ಪುರಾಣದಿಂದಲೇ ಬರಬೇಕೆಂದೂ ಇಲ್ಲ: ಉಳುವ ರೈತನನ್ನೂ ಜೋಡೆತ್ತನ್ನೂ ಕೂಡಿಸಿ ಎಣಿಸಿದರೆ ಮೂರು ತಲೆ, ಹತ್ತು ಕಾಲಿನ ಮೃಗವೊಂದು ಹೊಲದಲ್ಲೇ ಎದ್ದು ನಿಲ್ಲುತ್ತದೆ.

ಅಲ್ಲಮನ ಬೆಡಗಿನ ವಚನಗಳೊಡನೆ ಒಗಟನ್ನು ಹೋಲಿಸುವುದು ವಿದ್ವಾಂಸರಲ್ಲಿ ವಾಡಿಕೆ. ಹೋಲಿಕೆ ನಿರಾಧಾರವಲ್ಲ. ಆದರೆ ಬೆಡಗಿಗೆ ಟೀಕೆ ಬರೆದವರು ಪ್ರತಿಯೊಂದು ಪ್ರಾಣಿಗೂ ಒಂದೊಂದು ತತ್ತ್ವವನ್ನು ನಿಗದಿಪಡಿಸಿದರು. ಒಗಟಿನ ಸಂಪಾದಕರು ಮಾಡಿದ್ದೂ ಅದನ್ನೇ: ಪ್ರಶ್ನೆಯ ಮಗ್ಗುಲಲ್ಲಿಯೇ ಒಂದು ಉತ್ತರ. ಕೇಳುವವನು ತಡವರಿಸುವ ಹೊತ್ತು, ತಪ್ಪು ಊಹೆ, ನಗು ಇವಾವುವೂ ಅಚ್ಚಿಗೆ ಬರಲಿಲ್ಲ. ಶಿಷ್ಟ ಕಾಗುಣಿತಕ್ಕೆ ತಿದ್ದಿದಾಗ 'ತಲಿ' 'ತಲೆ'ಯಾಯಿತು, 'ಆರೂಕಾಲು' ಒಡೆದು ಎರಡು ಪದವಾಯಿತು. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸುವಾಗ ಹೆಣ್ಣುಮಕ್ಕಳ ನುಡಿಗೆ ತೋರಿದ ಗೌರವ ಇಲ್ಲಿ ಸ್ಮರಣೀಯ. ಅಷ್ಟು ಎಚ್ಚರ ಒಗಟಿನ ಪಾಲಿಗೆ ದೊರೆಯಲಿಲ್ಲವೆಂಬುದು ನನ್ನ ಅಭಿಪ್ರಾಯ.

ಒಗಟನ್ನು ದಾಖಲಿಸುವವರು ಉಚ್ಚಾರಣೆಯ ಹ್ರಸ್ವ ದೀರ್ಘಗಳನ್ನೂ, ಕೂಟದಲ್ಲಿ ಬಂದ ಎಲ್ಲ ಉತ್ತರಗಳನ್ನೂ ಬಂದ ಕ್ರಮದಲ್ಲಿಯೇ ಗುರುತಿಸಬೇಕಾಗಿದೆ. ತಪ್ಪೆಂದು ನಾನು ಕೈಬಿಟ್ಟ ಉತ್ತರಗಳು ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲ್ಲಿನ ಗುರುತುಗಳಾಗಿ ಉಳಿದಿವೆ, ಮಹಾಪ್ರಬಂಧದಲ್ಲಿ ಇಲ್ಲ.